ಚಾರ್ಮ್ಯಾಂಡರ್, ಬಲ್ಬಸಾರ್ ಜೋಡಿಗೆ ಬೆರಕೆ ಮರಿ ಹುಟ್ಟುವುದಿಲ್ಲ

ಬೆನ್ನ ಮೇಲೆ ಗೆಡ್ಡೆ, ಬಾಲದ ತುದಿಯಲ್ಲಿ ಬೆಂಕಿ. ಪೋಕೆಮಾನ್ ವಿಡಿಯೊ ಗೇಮ್‌ನಲ್ಲಿ ಚಾರ್ಮ್ಯಾಂಡರ್ ಮತ್ತು ಬಲ್ಬಸಾರ್ ಎಂಬ ಎರಡು ಪೋಕೆಮಾನ್‌ಗಳನ್ನು ಜೋಡಿ ಮಾಡಿದರೆ ಇಂಥ ಮರಿ ಹುಟ್ಟುತ್ತದೆ ಅಂತ ಒಂದು ಚಿತ್ರ ಹರಿದಾಡುತ್ತಿದೆ. ಇದು ನಿಜ ಅಲ್ಲ. ದಯವಿಟ್ಟು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಜೋಡಿ ಆಗುವುದು ಮಾತ್ರ ನಿಜ. ಎರಡೂ ಒಂದೇ ಮೊಟ್ಟೆ ಗುಂಪಿಗೆ, ಅಂದರೆ ಪರಸ್ಪರ ಜೋಡಿ ಆಗಬಲ್ಲ ಪೋಕೆಮಾನ್‌ಗಳ ಗುಂಪಿಗೆ, ಸೇರಿವೆ. ಆದರೆ ಮರಿ ತಾಯಿಯ ಜಾತಿಯದು. ತಾಯಿ ಚಾರ್ಮ್ಯಾಂಡರ್ ಆದರೆ ಮೊಟ್ಟೆಯಿಂದ ಚಾರ್ಮ್ಯಾಂಡರೇ ಬರುತ್ತದೆ. ತಾಯಿ ಪಿಕಾಚು ಆದರೆ ಪಿಚು ಬರುತ್ತದೆ, ತಂದೆ ಈವೀ ಆಗಿದ್ದರೂ ಅಷ್ಟೇ. ಡಿಟ್ಟೋ ಎಂಬ ಪೋಕೆಮಾನ್ ಜೊತೆ ಜೋಡಿ ಮಾಡಿದರೆ ಮಾತ್ರ ತಾಯಿಯೋ ತಂದೆಯೋ ಎಂದು ನೋಡದೆ ಡಿಟ್ಟೋ ಅಲ್ಲದ ಇನ್ನೊಂದರ ಜಾತಿಯೇ ಮರಿಗೆ ಸಿಗುತ್ತದೆ. 1999ರಲ್ಲಿ ಜಪಾನ್‌ನಲ್ಲಿ ಬಂದ ಗೋಲ್ಡ್, ಸಿಲ್ವರ್ ಗೇಮ್‌ಗಳಲ್ಲಿ ಮರಿ ಮಾಡಿಸುವುದು ಶುರುವಾದಾಗಿನಿಂದ ಮೂಲ ನಿಯಮ ಇದೇ. ತಂದೆಯಿಂದ ಕೆಲವು ಮೂವ್‌ಗಳು, ಅಂದರೆ ಕಾದಾಟದಲ್ಲಿ ಬಳಸುವ ಪಟ್ಟುಗಳು, ಬರಬಹುದು, ರೂಪ ಬರುವುದಿಲ್ಲ. ನನಗಂತೂ ಇದೇ ಜಾಸ್ತಿ ಇಷ್ಟ: ನೋಡಲು ಸಾಮಾನ್ಯ ಮರಿ, ಆದರೆ ತಾನೇ ಕಲಿಯಲಾಗದ ಮೂವ್ ಹುಟ್ಟುವಾಗಲೇ ಅದಕ್ಕೆ ಗೊತ್ತಿರುತ್ತದೆ!

ಎರಡು ಸೇರಿ ಒಂದಾಗುವುದು ಇಲ್ಲವೇ ಇಲ್ಲ ಅಂತಲ್ಲ. 2012ರ ಬ್ಲ್ಯಾಕ್ 2, ವೈಟ್ 2 ಗೇಮ್‌ಗಳಲ್ಲಿ ಕ್ಯೂರೆಮ್ ಎಂಬ ಪೋಕೆಮಾನ್ ಅನ್ನು ರೆಶಿರಾಮ್ ಅಥವಾ ಝೆಕ್ರಾಮ್ ಜೊತೆ ಸೇರಿಸಬಹುದು. ಅದಕ್ಕೆ ಒಂದು ವಿಶೇಷ ವಸ್ತು ಬೇಕು, ಮೊಟ್ಟೆ ಅಲ್ಲ. ಬೇಕಾದರೆ ಮತ್ತೆ ಬಿಡಿಸಲೂಬಹುದು.

ಬೆರಕೆ ಚಿತ್ರಗಳನ್ನು ಬಿಡಿಸುವವರು ಅಭಿಮಾನಿಗಳು. ಚೆನ್ನಾಗಿಯೇ ಇರುತ್ತವೆ. ಹಂಚುವಾಗ ಅಭಿಮಾನಿ ಬಿಡಿಸಿದ್ದು ಅಂತ ಒಂದು ಸಾಲು ಬರೆಯಿರಿ, ಸಾಕು.