ಮೂರು ಪೆಡಲಿಗೆ ಮೂರು ನಿಂಬೆಹಣ್ಣು

ವೀಣೆ ಶೇಷಣ್ಣನವರ ಊರಲ್ಲಿ ಹುಟ್ಟಿ ವೀಣೆ ಕಲಿಯಲಿಲ್ಲ ಅನ್ನುವುದು ಅಮ್ಮನ ಹಳೇ ಕೊರಗು. ಗಾಯದ ಮೇಲೆ ಬರೆ ಎಳೆದ ಹಾಗೆ, ರೆಸೊನೇಟರ್ ಪೆಡಲ್ ಸ್ಟೀಲ್ ಗಿಟಾರ್ ಮಾಡಿಸುತ್ತೇನೆ ಅಂದೆ.

"ಅಂಗಡೀಲಿ ಸಿಗಲ್ವೇನೋ?"

ಸಿಗಲ್ಲ. ಅದು ಎರಡು ವಾದ್ಯಗಳ ಕಸಿ. ಮೈಕು ಅಷ್ಟಾಗಿ ಇಲ್ಲದ 1920ರ ದಶಕದಲ್ಲಿ, ಬ್ಯಾಂಡಿನ ಗದ್ದಲದ ನಡುವೆಯೂ ಗಿಟಾರ್ ಕೇಳಿಸಲಿ ಅಂತ ಅಮೆರಿಕದ ಜಾನ್ ಡೋಪ್ಯೆರಾ ಅದರ ಹೊಟ್ಟೆಗೆ ಅಲ್ಯೂಮಿನಿಯಂ ಕೋನ್ ಇಟ್ಟ. ಅದು ರೆಸೊನೇಟರ್. ಪೆಡಲ್ ಸ್ಟೀಲ್ ಇನ್ನೊಂದು. ಮೇಜಿನ ಹಾಗೆ ನಾಲ್ಕು ಕಾಲು, ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಕಡ್ಡಿ, ಬಲಗೈ ಬೆರಳಿಗೆ ಉಗುರು, ಪಾದಕ್ಕೆ ಪೆಡಲ್, ಮಂಡಿಗೆ ಲಿವರ್. ನುಡಿಸುವಾಗ ಪುರುಸೊತ್ತಾಗಿರುವುದು ಮೂಗು ಮಾತ್ರ.

ವೀಣೆ ಮಾಡುವ ಆಚಾರ್ರ ಹತ್ತಿರ ಹೋಗಿ ಮೇಪಲ್ ಮರ ಬೇಕು ಅಂದೆ.

"ಅದ್ಯಾವ ಊರಿನ ಮರ ಸಾರ್? ಹಲಸು ಹಾಕೋಣ."

ಒಪ್ಪಿದೆ. ಎರಡು ತಿಂಗಳಿಗೆ ಪೆಟ್ಟಿಗೆ ಬಂತು. ಕೆಲಸ ಬಲು ಚೊಕ್ಕ. ಆದರೆ ಎಡತುದಿಯಲ್ಲಿ, ವೀಣೆಗಿರುವ ಹಾಗೆ, ಬಾಯಿ ತೆರೆದ ಯಾಳಿ ಮುಖ! ನಕ್ಷೆಯಲ್ಲಿ ಇದೆಲ್ಲಿತ್ತು ಅಂದರೆ, "ಬೋಳುಬೋಳಾಗಿ ಕಾಣ್ತಿತ್ತು ಸಾರ್. ಅದಕ್ಕೆ ದುಡ್ಡು ಬೇಡ" ಅಂದರು.

ಪೆಡಲ್ ಕೆಲಸ ಬನ್ನಿಮಂಟಪದ ವೆಲ್ಡಿಂಗ್ ಹುಡುಗನದು. ಒಂದು ಪೆಡಲ್ ತುಳಿದರೆ ಐದನೇ ಮತ್ತು ಹತ್ತನೇ ತಂತಿ ಮಾತ್ರ ಬಿಗಿಯಾಗಬೇಕು ಅಂತ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಹೊಲಿಗೆ ಮಿಷನ್ನು ಯಾರಿಗೆ ಸಾರ್, ಮೇಡಮ್ಮಿಗಾ?" ಅಂದ. ಹಾಗಂದರೂ ಕೆಲಸ ಮಾತ್ರ ಸರಿಯಾಗಿಯೇ ಮಾಡಿದ್ದ.

ಕೆಟ್ಟದ್ದು ಕೋನ್. ಅದು ಒಂದು ಮಿಲಿಮೀಟರಿಗೂ ತೆಳು ಇರಬೇಕು. ಪಾತ್ರೆ ಮಾಡುವವರು ದಪ್ಪಗೆ ತಿರುಗಿಸಿ ಕೊಟ್ಟು, "ಮೊಮ್ಮಕ್ಕಳ ಕಾಲಕ್ಕೂ ಬಗ್ಗಲ್ಲ" ಅಂದರು. ನಿಜ, ಬಗ್ಗಲೂ ಇಲ್ಲ, ಅದುರಲೂ ಇಲ್ಲ. ತಂತಿ ಮೀಟಿದರೆ ಗೋಣಿಚೀಲ ತಟ್ಟಿದ ಸದ್ದು. ಅಮ್ಮ ಅದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡರು. ಜಗಳವಾಡಿ ಇನ್ನೊಂದು ಮಾಡಿಸಿದೆ, ಹಪ್ಪಳದಷ್ಟು ತೆಳುವಾಗಿ.

ಅದನ್ನು ಕೂರಿಸಿ ಮುಗಿಸುವಷ್ಟರಲ್ಲಿ ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಜೊತೆ ಗಿಟಾರೂ ಸಾಲಿನಲ್ಲಿ ನಿಂತಿತು. ಅಮ್ಮನಿಗೆ ಯಾಳಿ ಕಂಡದ್ದೇ ತಡ, ಮುಖ ಅರಳಿತು. "ನೋಡು, ವೀಣೇನೇ!" ಅಂತ ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಸೇವಂತಿಗೆ ಸುತ್ತಿದರು. ಆಮೇಲೆ ಬಗ್ಗಿ, ಮೂರು ಪೆಡಲಿನ ಕೆಳಗೆ ಮೂರು ನಿಂಬೆಹಣ್ಣು ಇಟ್ಟರು.

"ಹೂಂ, ತುಳಿ."

ಹತ್ತು ತಂತಿ ಸೇರಿ ನೂರು ಕೆಜಿಗೂ ಜಾಸ್ತಿ ಎಳೆಯುತ್ತವೆ. ತುಳಿದರೆ ಇನ್ನೂ ಬಿಗಿ. ಅದರ ಒತ್ತಡ ಬೀಳುವುದು ತಂತಿಗಳನ್ನು ಹೊರುವ ಪಟ್ಟಿ, ಅಂದರೆ ಕುದುರೆಯ ಮೇಲೆ. ಕುದುರೆ ಕೂತಿರುವುದು ಆ ಹಪ್ಪಳದ ಮೇಲೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎರಡು ಪಾದ ಸೇರಿಸಿ ಮೂರನ್ನೂ ಒಟ್ಟಿಗೆ ತುಳಿದೆ.

ಡಬ್!

ಅಮ್ಮ ಕಣ್ಣು ಮುಚ್ಚಿ ಕೈ ಮುಗಿದೇ ಇದ್ದರು. "ನಿಂಬೆಹಣ್ಣು ಚೆನ್ನಾಗಿ ಒಡೀತು ಕಣೋ" ಅಂದರು.