ಮುಂದಿನ ಸೀಟಿನವರು

ನನ್ನ ಕೆನೆ ಬಣ್ಣದ ಸೀರೆ ಬಕೆಟ್ಟಿನಲ್ಲಿ ಮುಳುಗಿದೆ. ಎಷ್ಟು ನೀರು ಬದಲಿಸಿದರೂ ಕೆಂಪಗೇ ಬರುತ್ತಿದೆ. ನಿನ್ನೆ ಬಳ್ಳಾರಿಯಿಂದ ಹೊಸಪೇಟೆಗೆ ಮದುವೆಗೆ ಹೋಗಿದ್ದೆವು, ಅಷ್ಟೇ. 60 ಚಿಲ್ಲರೆ ಕಿಲೋಮೀಟರ್. ಎಸಿ ಇರುವ ಕಾರು. ಮೇ ತಿಂಗಳು. ನಾಲ್ಕೂ ಕಿಟಕಿ ಇಳಿಸಿಕೊಂಡು!

ತೋರಣಗಲ್ಲಿನ ಹತ್ತಿರ ಅದಿರು ಲಾರಿಗಳ ಹಿಂದೆ ಹೋದವರಿಗೆ ಮಿಕ್ಕಿದ್ದನ್ನು ಹೇಳಬೇಕಿಲ್ಲ ಅಲ್ವಾ? ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ನಾನು ಅಲ್ಲೇ ಕೆಸರಾದೆ.

ಎಸಿ ಕೆಟ್ಟಿಲ್ಲ. ಹಾಕಿದರೆ ನಮ್ಮ ಅತ್ತೆಗೆ ಮಂಡಿ ಹಿಡಿಯುತ್ತದೆ. ಡ್ರೈವರಣ್ಣನ ಪ್ರಕಾರ ಗಾಡಿ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಡೀಸೆಲ್ಲಿಗೆ ದುಡ್ಡು ಕೊಡುವವಳು ನಾನು. ಆದರೆ ಅದು ಇವರಿಬ್ಬರ ಲೆಕ್ಕಕ್ಕೇ ಬರುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು. 40 ಡಿಗ್ರಿ ದಾಟಿದರೆ ನನಗೆ ನನ್ನ ಹೆಸರೇ ಮರೆಯುತ್ತದೆ.

ಡ್ರೈವರಣ್ಣನನ್ನು ಕೆಲಸಕ್ಕೆ ಇಟ್ಟಾಗ ಅತ್ತೆ ಮುಖ ಗಂಟಿಕ್ಕಿಕೊಂಡಿದ್ದರು. "ನನಗೇನು ಕೈಕಾಲು ಬಿದ್ದಾವೇನು? ಟಂಟಂನಾಗ ಹೋಗ್ತೀನಿ" ಎಂದು ಹಟ. ಆಮೇಲೆ ಒಂದು ದಿನ ಗೊತ್ತಾಯಿತು, ಇವರ ತವರು ಆದೋನಿ, ಅವನ ಅಜ್ಜನ ಊರೂ ಆದೋನಿ. ಅಲ್ಲಿಗೆ ನನ್ನ ಕಥೆ ಮುಗಿಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವಲ್ಲ, ಆಗ ಅತ್ತೆ ಲಂಗ ಹಾಕುವ ಹುಡುಗಿ. ಡ್ರೈವರಣ್ಣ ಹುಟ್ಟೇ ಇರಲಿಲ್ಲ. ಆದರೂ ಇಬ್ಬರೂ ಆ ಮಾತೆತ್ತಿದರೆ, ಪಕ್ಕದ ಮನೆಯವರು ಮೊನ್ನೆ ರಾತ್ರಿ ಬೇಲಿ ಸರಿಸಿದ ಹಾಗೆ ಕಿಡಿಕಾರುತ್ತಾರೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನನ್ನ ವಿಷಯ ಬಂದಾಗ ಮಾತ್ರ ಪೂರ್ತಿ ತೆಲುಗು.

ಈ ಬೇಸಿಗೆಗೆ ಇಬ್ಬರೂ ಸೇರಿ ಮಾಡಿದ ಹೊಸ ಏರ್ಪಾಡು ಒಂದು ಗಡಿಗೆ. ಬಾಟಲಿ ನೀರು ಕಾದು ಹೋಗುತ್ತದಂತೆ. ಅದಕ್ಕೆ ಹೊಸ ಗಡಿಗೆ ತಂದು, ಒದ್ದೆ ಬಟ್ಟೆ ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿದ್ದಾರೆ. ಹಾಕದಿದ್ದರೆ ಕಾರು ಕುಯ್ಯೋ ಅನ್ನುತ್ತದೆ. ಅದಕ್ಕೂ ಗಡಿಗೆ ಮನುಷ್ಯರ ಹಾಗೇ ಕಂಡಿದೆ, ಪಾಪ.

ನಿನ್ನೆ ದಾರಿಯಲ್ಲಿ ಕುಡತಿನಿ ಊರಿಗೆ ಮುಂಚೆಯೇ ನಾನು ಕಿಟಕಿ ಏರಿಸಲು ಹೋದೆ. "ಮುಚ್ಚಬ್ಯಾಡ್ರಿ ಅಕ್ಕಾ, ಗಡಿಗಿಗೆ ಗಾಳಿ ಬೇಕು" ಎಂದ ಡ್ರೈವರಣ್ಣ. ಜಿನುಗಿದ ನೀರು ಆರಿದರೆ ತಾನೇ ಒಳಗಿನ ನೀರು ತಣ್ಣಗಾಗುವುದು? ಸೈನ್ಸು ಸರಿಯಾಗೇ ಇದೆ. ಮಂಡಿನೋವು, ಡೀಸೆಲ್ಲು ಎಲ್ಲಾ ಸುಮ್ನೆ ನೆಪ ಎಂದು ಆಗ ಹೊಳೆಯಿತು. ನನ್ನ ಸೀರೆ ಬಲಿಯಾದದ್ದು ಒಂದು ಮಣ್ಣಿನ ಪಾತ್ರೆಗೆ!

ಮುಂದೆ ಒಂದು ಹಂಪು. ನನ್ನ ತಲೆ ಚಾವಣಿಗೆ ಬಡಿಯಿತು. ಇಬ್ಬರೂ ಒಟ್ಟಿಗೇ "ಅಯ್ಯಯ್ಯೋ!" ಎಂದರು. ನನಗೆ ಕಣ್ಣು ತುಂಬಿ ಬಂತು. ಡ್ರೈವರಣ್ಣ ಗಾಡಿ ನಿಲ್ಲಿಸಿ, ಸುತ್ತು ಹಾಕಿ ಓಡಿ ಬಂದು, ಮುಂದಿನ ಬಾಗಿಲು ತೆಗೆದು ಗಡಿಗೆಯ ಬುಡ ಸವರಿ ನೋಡಿದ. "ಏನೂ ಆಗಿಲ್ರಿ ಅಮ್ಮಾ." ಅತ್ತೆ ಎದೆ ಮುಟ್ಟಿಕೊಂಡರು. "ನಮ್ಮ ಪುಣ್ಯ." ಆಮೇಲೆ ನನ್ನ ಕಡೆ ತಿರುಗಿ, "ನೀ ಸ್ವಲ್ಪ ಗಟ್ಟಿ ಹಿಡ್ಕೊಂಡು ಕುಂದ್ರಬಾರದೇನು?"

ಇನ್ನೂ ಮುಂದೆ ಪೊಲೀಸಪ್ಪ ಕೈ ಅಡ್ಡ ಹಾಕಿದ. ಮುಂದೆ ನೋಡಿದ, ಹಿಂದೆ ನೋಡಿದ. "ಗಡಿಗಿಗೆ ಬೆಲ್ಟ್ ಐತಿ, ಮೇಡಂಗೆ ಇಲ್ಲ?" ನಿಜ, ಹಿಂದೆ ಕೂತವರೂ ಹಾಕಬೇಕು. ಆದರೆ ನನ್ನ ಬೆಲ್ಟು ಅತ್ತೆಯ ಹತ್ತಿ ದಿಂಬಿನಡಿ ಕಾಣೆಯಾಗಿತ್ತು. ಸಾವಿರ ರೂಪಾಯಿ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಅವನಿಗೆ ಒಂದು ಲೋಟ ನೀರು ಕೊಡಿಸಿದರು. ಗಟಗಟ ಕುಡಿದು, ಇನ್ನೊಂದು ಕೇಳಿ ಕುಡಿದು, "ಹೋಗ್ರಿ ಅಮ್ಮಾ" ಎಂದ. ನಾನೂ ಕುಡಿದೆ. ತಣ್ಣಗಿತ್ತು. ಅದೇ ಹೊಟ್ಟೆಯುರಿ.

ವಾಪಸ್ಸು ಬರುವಾಗ ಅತ್ತೆ ತವರಿನ ಬಾವಿಯ ಕಥೆ ಹೇಳುತ್ತಾ ಹೇಳುತ್ತಾ ನಿದ್ದೆ ಹೋದರು. ಮನೆಯಲ್ಲಿ ಆ ಕಥೆ ಶುರುವಾದರೆ ನಾವೆಲ್ಲ ಫೋನ್ ಎತ್ತಿಕೊಳ್ಳುತ್ತೇವೆ. ಇವನು ಮಾತ್ರ "ಆಮೇಲೆ?" ಅನ್ನುತ್ತಾನೆ. "ಎಷ್ಟು ಸಲ ಕೇಳಿದ್ದೀಯೋ?" ಎಂದೆ. "ಲೆಕ್ಕ ಇಲ್ರಿ ಅಕ್ಕಾ. ಪ್ರತಿ ಸಲ ಬಾವಿ ಒಂದು ಮಟ್ಟು ಆಳ ಆಗ್ತೈತಿ. ಮುಂದೆ ಎಲ್ಲಿಗೆ ಮುಟ್ಟತೈತಿ ನೋಡಬೇಕು." ಹಿಂದಿನ ಲಾರಿ ಎಷ್ಟು ಬಡಕೊಂಡರೂ ಅವನು ಹಾರ್ನ್ ಮುಟ್ಟಲಿಲ್ಲ. ನನಗೂ ಯಾಕೋ ಸ್ವಲ್ಪ ಹೊತ್ತು ಸೀರೆ ಮರೆತು ಹೋಯಿತು.

ಈಗ ಬಕೆಟ್ ನೋಡಿ ಮತ್ತೆ ನೆನಪಾಗಿದೆ. ಗುರುವಾರ ಇಬ್ಬರೂ ಆದೋನಿಗೆ ಹೊರಟಿದ್ದಾರೆ, ಆ ಬಾವಿ ನೋಡಲು. ನನ್ನನ್ನೂ ಕರೆದರು. ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಬೇಜಾರು ಮಾಡಿಕೊಂಡಾರು ಎಂದು ಅಳುಕಿತ್ತು.

ಅತ್ತೆ ಬಾಗಿಲ ಕಡೆ ತಿರುಗಿ ಕೂಗಿದರು, "ಏನಪ್ಪಾ, ಇಕಿ ಬರಂಗಿಲ್ಲಂತ. ಎರಡನೇ ಗಡಿಗಿಗೆ ಜಾಗ ಆತು ನೋಡು!"