ಬೆಲ್ಟ್ ಹೊಸದು, ಸೌಂಡೂ ಹೊಸದು

ಇಲ್ಲ ಕಣ್ರೀ, ಆ ಸೌಂಡ್ ನನ್ನ ತಲೆಯಲ್ಲಿಲ್ಲ. ಬಾನೆಟ್ ಒಳಗಿದೆ. ಬಲಗಡೆ, ಟೈಮಿಂಗ್ ಬೆಲ್ಟ್ ಕವರ್ ಹಿಂದೆ. ಪಿಸ್ಟನ್ನು, ವಾಲ್ವು ತಾಳ ತಪ್ಪದಂತೆ ಓಡಿಸುವ ಹಲ್ಲಿನ ಬೆಲ್ಟ್ ಅದು. ಆ ಬೆಲ್ಟ್ ಬದಲಾಯಿಸೋಕೆ ನನ್ನ ಡೀಸೆಲ್ ಡಸ್ಟರ್ ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುಂಚೆ ಸೌಂಡ್ ಇರಲಿಲ್ಲ, ವಾಪಸ್ ತಂದಾಗ ಇತ್ತು. ಇದರಲ್ಲಿ ಅರ್ಥವಾಗದೇ ಇರುವುದು ಏನಿದೆ ಹೇಳಿ?

ಮೇಸ್ತ್ರಿಗೆ ಮಾತ್ರ ಕೇಳಿಸುವುದಿಲ್ಲವಂತೆ. "ಹೇಗೆ ಬರುತ್ತೆ ಸಾರ್, ಒಂಚೂರು ಮಾಡಿ ತೋರಿಸಿ" ಅಂದ. ಮಾಡಿದೆ. "ಊಂಯ್ಯ್ಯ್" ಅಂತ. ಗ್ಯಾರೇಜಿನ ನಟ್ಟನಡುವೆ, ಇಸ್ತ್ರಿ ಶರ್ಟು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. "ಐಡಲ್‌ನಲ್ಲಿ ಹೀಗೆ, ರೇಸ್ ಮಾಡಿದಾಗ?" ಅಂದ. ದನಿ ಏರಿಸಿ ಅದನ್ನೂ ಮಾಡಿದೆ. ಜಾಕ್ ಹಾಕಿದ್ದ ಗಾಡಿ ಕೆಳಗಿಂದ ಒಬ್ಬ ಹುಡುಗ ತಲೆ ಹೊರಗೆ ಹಾಕಿದ. ಆಯಿಲ್ ಬದಲಾಯಿಸಲು ಬಂದು ಕೂತಿದ್ದ ಹಿರಿಯರೊಬ್ಬರು ಪೇಪರ್ ಮಡಿಸಿಟ್ಟರು. ಮೇಸ್ತ್ರಿ ಗಂಭೀರವಾಗಿ "ಇನ್ನೊಂದ್ಸಲ" ಅಂದ. ಇನ್ನೊಂದ್ಸಲವೂ ಮಾಡಿದೆ! ಆಮೇಲೆ ಹುಡುಗರ ಕಡೆ ತಿರುಗಿ, "ಏನ್ರೋ, ನಿಮಗೆ ಯಾರಿಗಾದ್ರೂ ಕೇಳಿಸ್ತಾ?" ಅಂದ. "ಇಲ್ಲಣ್ಣ" ಅಂದ ಒಬ್ಬ. ಇನ್ನೊಬ್ಬ ಕೈ ಒರೆಸಿಕೊಳ್ಳುತ್ತಾ, "ಇಂಜಿನ್‌ದು ಕೇಳಿಸಿಲ್ಲ ಅಣ್ಣ, ಸಾರ್‌ದು ಕೇಳಿಸ್ತು" ಅಂದ.

ಅಷ್ಟೇ. ಎಲ್ಲರೂ ನಕ್ಕರು. ಆ ಹಿರಿಯರೂ ನಕ್ಕರು. ಅವರಿಗೇನು ಬಂದಿತ್ತು?

"ಎಸಿ ಆನ್ ಮಾಡಿ, ಒಂದು ಹಾಡು ಹಾಕ್ಕೊಳ್ಳಿ ಸಾರ್. ಐನೂರು ಕಿಲೋಮೀಟರ್ ಓಡಲಿ, ಬೆಲ್ಟ್ ಸೆಟ್ ಆಗುತ್ತೆ" ಅಂತ ಬಾನೆಟ್ ಮುಚ್ಚಿದ. ಏನು ಸೆಟ್ ಆಗೋದು? ಹೊಸ ಚಪ್ಪಲಿನಾ ಅದು, ನಾಲ್ಕು ದಿನ ಕಚ್ಚಿ ಆಮೇಲೆ ಸಡಿಲ ಆಗೋಕೆ? ಟೈಮಿಂಗ್ ಬೆಲ್ಟ್ ಬಿಗಿ ಜಾಸ್ತಿ ಆದರೆ ಅದರ ಭಾರವೆಲ್ಲ ಬೇರಿಂಗ್ ಮೇಲೆ ಬೀಳುತ್ತೆ. ಬೆಲ್ಟಿನ ಬಿಗಿ ಹಿಡಿಯುವ ಟೆನ್ಷನರ್ ಅಂತ ಇರುತ್ತೆ, ಅದರ ಮುಳ್ಳನ್ನು ಗುರುತಿಗೆ ಸರಿಯಾಗಿ ಕೂರಿಸಿ, ಇಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೊಮ್ಮೆ ನೋಡಬೇಕು. "ಹಾಗೆ ನೋಡಿದ್ರಾ?" ಅಂತ ಕೇಳಿದೆ. "ನಮಗೇ ಹೇಳಿಕೊಡ್ತೀರಾ ಸಾರ್?" ಅಂದ. ಹೌದು ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಆಗಷ್ಟೇ ಊಂಯ್ ಅಂದು ಮುಗಿಸಿದ್ದ ಬಾಯಿ ಅಲ್ವಾ.

ಹೋಗಲಿ ಬಿಡಿ. ಗಾಡಿ ಓಡ್ತಿದೆ, ಪಿಕಪ್ ಇದೆ, ಹೊಗೆ ಇಲ್ಲ, ಚೆಕ್ ಲೈಟ್ ಬಂದಿಲ್ಲ. ಬೆಲ್ಟನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರೆ ಸ್ಟಾರ್ಟ್ ಆಗೋಕೇ ತಿಣುಕಾಡಬಹುದಿತ್ತು. ಅಷ್ಟು ಮಟ್ಟಿಗೆ ಪುಣ್ಯ.

ಪುಣ್ಯ ಏನು ಬಂತು, 15 ಸಾವಿರದ ಮೇಲೆ ಕೊಟ್ಟಿದ್ದೇನೆ! ಈ ಡೀಸೆಲ್ ಡಸ್ಟರ್‌ನಲ್ಲಿ ಇಂಜಿನ್ ತಣ್ಣಗಿಡುವ ವಾಟರ್ ಪಂಪ್ ತಿರುಗೋದೂ ಇದೇ ಬೆಲ್ಟಿನಿಂದ. ಹೇಗೂ ಬಿಚ್ಚುತ್ತೀರಲ್ಲ, ಪಂಪೂ ಹಾಕಿಬಿಡಿ ಅಂತ ನಾನೇ ಹೇಳಿದ್ದೆ. "ಚೆನ್ನಾಗಿದೆ ಸಾರ್, ಸುಮ್ನೆ ಯಾಕೆ ದುಡ್ಡು" ಅಂದರು. ಈಗ ಹಳೇ ಪಂಪಿನ ಬೇರಿಂಗ್ ಹೊಸ ಬೆಲ್ಟಿನ ಎಳೆತಕ್ಕೆ ಅಳುತ್ತಿದ್ದರೆ? ಬಿಚ್ಚಿದ ಬೆಲ್ಟ್ ತೋರಿಸಿ ಅಂದರೆ ಗುಜರಿಗೆ ಹೋಯಿತಂತೆ. ಒಂದೇ ದಿನದಲ್ಲಿ. ಆ ಗುಜರಿಯವನಷ್ಟು ಚುರುಕಾಗಿ ಇಲ್ಲಿ ಯಾರೂ ಕೆಲಸ ಮಾಡಿದ್ದು ಕಾಣೆ.

ನಮ್ಮ ಬೀದಿಯಲ್ಲಿ ಟ್ಯಾಕ್ಸಿ ಓಡಿಸುವ ಅಣ್ಣ ಒಬ್ಬರಿದ್ದಾರೆ. ಅವರು ಮಾತೇ ಆಡಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹೊರಗಿನ ಬೆಲ್ಟಿಗೆ ಒಂದಿಷ್ಟು ನೀರು ಚಿಮುಕಿಸಿದರು, ಸೌಂಡ್ ಬದಲಾಗಲಿಲ್ಲ. ಆ ಬೆಲ್ಟನ್ನೇ ತೆಗೆದು ಕೆಲವೇ ಸೆಕೆಂಡ್ ಸ್ಟಾರ್ಟ್ ಮಾಡಿಸಿದರು. ಆಗಲೂ ಹಾಗೇ ಇತ್ತು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ವಾಟರ್ ಪಂಪ್ ಹತ್ತಿರ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, "ಒಳಗಿನದೇ ಸಾರ್. ಕವರ್ ಬಿಚ್ಚದೆ ಹೇಳೋಕಾಗಲ್ಲ" ಅಂದರು. ಕೇಳಿಸಿತು ಅವರಿಗೆ! ಒಬ್ಬರಿಗಾದರೂ ಕೇಳಿಸಿತು!

ನನ್ನ ಸ್ಥಿತಿ ಈಗ ಹೇಗಾಗಿದೆ ಅಂದರೆ, ಕಾಂಪೌಂಡ್ ಗೋಡೆ ಕಂಡರೆ ಕಿಟಕಿ ಇಳಿಸಿ ಪಕ್ಕದಲ್ಲೇ ನಿಧಾನಕ್ಕೆ ಹೋಗುತ್ತೇನೆ. ಗೋಡೆಗೆ ತಗುಲಿ ಸೌಂಡ್ ಸ್ಪಷ್ಟವಾಗಿ ಕೇಳಿಸುತ್ತೆ. ಮೊನ್ನೆ ಒಂದು ಶಾಲೆಯ ವಾಚ್‌ಮನ್ ನನ್ನ ನಂಬರ್ ಪ್ಲೇಟ್ ಬರೆದುಕೊಂಡ. ಹೆಂಡತಿ "ನಿದ್ದೆಯಲ್ಲೂ ಊಂಯ್ ಅಂತೀರಿ" ಅನ್ನುತ್ತಾಳೆ. ಮಗಳು ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾಳೆ. ಮುಂದಿನ ಸಲ ಗ್ಯಾರೇಜಿಗೆ ಅವಳನ್ನೇ ಕಳಿಸೋದು ವಾಸಿ.

ಹೊಂದಿಕೊಂಡು ಹೋಗೋಣ ಅಂತಲೂ ಅನ್ನಿಸುತ್ತೆ. ಆದರೆ ಇದು ಡೋರ್ ಕಿರುಗುಟ್ಟುವ ವಿಷಯ ಅಲ್ಲ. ಬೇರಿಂಗ್ ಹಿಡಿದುಕೊಂಡು ಬೆಲ್ಟ್ ಹಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತೆ, ಆಮೇಲೆ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಬೇಕು. ಅದೂ ಘಾಟಿ ನಡುವೆ ಆದರೆ? ಭಾನುವಾರ ಶಿರಾಡಿ ಇಳಿಯಬೇಕು, ಅತ್ತೆ ಮಾವ ಜೊತೆಗಿರ್ತಾರೆ. ಬೇರೆ ಕಡೆ ಹೋಗೋಣ ಅಂದರೆ, ಬಿಎಸ್6 ಅನ್ನುವ ಹೊಗೆ ನಿಯಮ ಬಂದ 2020ರಲ್ಲೇ ಡೀಸೆಲ್ ಡಸ್ಟರ್ ನಿಂತುಹೋಯಿತು. ಗಾಡಿ ನೋಡಿದ ಕೂಡಲೇ "ಇದಾ ಸಾರ್?" ಅಂತ ಮುಖ ಹುಳ್ಳಗೆ ಮಾಡುತ್ತಾರೆ.

ಯಾರಾದರೂ ಉತ್ತರ ಕೊಡಿ. ಈ ಇಂಜಿನ್ ಬಿಚ್ಚಿ ಕಟ್ಟಿದವರು ಕೊಟ್ಟರೆ ಇನ್ನೂ ಒಳ್ಳೆಯದು. ರೇಸ್ ಜೊತೆಗೇ ಏರುವ ಊಂಯ್, ಕ್ಲಚ್ ಒತ್ತಿದರೂ ಬದಲಾಗಲ್ಲ: ಬೆಲ್ಟ್ ಬಿಗಿಯಾ, ಟೆನ್ಷನರಾ, ಪಂಪಾ? ಬೇರೆಯವರ ಹತ್ತಿರ ಕವರ್ ಬಿಚ್ಚಿಸಿದರೆ "ನೀವು ಬೇರೆ ಕಡೆ ಕೈ ಹಾಕಿಸಿದ್ರಿ, ನಮ್ಮ ಜವಾಬ್ದಾರಿ ಅಲ್ಲ" ಅಂತ ಈ ಮೇಸ್ತ್ರಿ ಹೇಳೇ ಹೇಳ್ತಾನೆ. ಇವನ ಹತ್ತಿರವೇ ಹೋದರೆ ಮತ್ತೆ ಎಲ್ಲರೆದುರು ಮಾಡಿ ತೋರಿಸು ಅಂತಾನೆ. ಎರಡನೇ ಸಲದ ಲೇಬರ್ ಯಾರು ಕೊಡ್ತಾರೆ, ಮೊದಲು ಅದನ್ನು ಹೇಳಿ.